ವೀಲ್‌ಚೇರ್ ಆಟಕ್ಕೆ ಹೋಗೋರು ಮೊದಲು ಸೀಟಿನಡಿ ಕೈ ಹಾಕಿ ನೋಡಿ

ತುಮಕೂರಿನಲ್ಲಿ ನಡೆದ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಶಿಬಿರವೊಂದಕ್ಕೆ ಹೋಗಿ ಬಂದವನು ಕುಂಡಿಯಲ್ಲಿ ಬೆಡ್‌ಸೋರ್ (ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು) ಆಗಿ ಈಗ ಬೋರಲು ಮಲಗಿದ್ದೇನೆ. ಇದನ್ನು ಬರೆಯುತ್ತಿರುವುದೂ ಹಾಗೇ. ನಡೆಸಿದವರ ಹೆಸರು ಹೇಳಲ್ಲ, ಆದರೆ ಆಗಿದ್ದೇನು ಅಂತ ನಿಮಗೆ ಗೊತ್ತಿರಲಿ.

ನಾನು ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಏಟು ಮಾಡಿಕೊಂಡವನು. ನಮ್ಮ ತೆಂಗಿನ ಸೀಮೆಯಲ್ಲಿ ಇಂಥವರು ಹೊಸಬರೇನಲ್ಲ. ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೂ ಗೊತ್ತಾಗಲ್ಲ. ಶಿಬಿರದಲ್ಲಿ ಕೊಟ್ಟ ಆಟದ ಕುರ್ಚಿಯ ಕ್ಯಾನ್ವಾಸ್ ಜೋತುಬಿದ್ದಿತ್ತು. ಒತ್ತಿದರೆ ಅಡಿಯ ಕಬ್ಬಿಣದ ಪಟ್ಟಿ ಕೈಗೆ ಸಿಗುತ್ತಿತ್ತು. ನನ್ನ ಕುಷನ್ ಹಾಕ್ಕೋತೀನಿ ಅಂದೆ. "ಬೇಡ ಕಣಪ್ಪ, ಎತ್ತರ ಜಾಸ್ತಿ ಆಗುತ್ತೆ, ಬ್ಯಾಲೆನ್ಸ್ ತಪ್ಪುತ್ತೆ" ಅಂತ ಕೋಚ್ ಅದನ್ನು ಗೋಡೆ ಪಕ್ಕ ಇಡಿಸಿದರು. ಆ ಕುರ್ಚಿಯಲ್ಲಿ ಮಂಡಿ ಮೇಲೆ, ಕುಂಡಿ ಕೆಳಗೆ. ಮೈಭಾರವೆಲ್ಲ ಕೂರುವ ಎರಡು ಮೂಳೆಗಳ ಮೇಲೇ. ಮೇಲಿಂದ ಇಳಿದ ಬೆವರಿಗೆ ಚಡ್ಡಿಯೂ ಒದ್ದೆ.

ಎಲ್ಲರ ಗಮನ ಭುಜದ ಮೇಲೆ. ಸುಮ್ನೆ ಅಲ್ಲ, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲೂ ಜಾಸ್ತಿ ಪೆಟ್ಟಾಗಿದ್ದು ಭುಜಕ್ಕೇ. ಸ್ಪ್ರೇ ಹೊಡೆಯೋಕೆ ಒಬ್ಬರು ನಿಂತೇ ಇದ್ದರು. ಆದರೆ ಭುಜ ನೋವಾದರೆ ಹೇಳುತ್ತೆ. ನಮ್ಮಂಥವರ ಕುಂಡಿ ಹೇಳಲ್ಲ, ಅಲ್ವಾ?

ರಾತ್ರಿ ಬಟ್ಟೆ ಬದಲಿಸುವಾಗ ಅಮ್ಮನ ಕಣ್ಣಿಗೆ ಬಿತ್ತು. ಎರಡು ರೂಪಾಯಿ ಬಿಲ್ಲೆಯಷ್ಟು ಚರ್ಮ ಕಪ್ಪಗಾಗಿತ್ತು. ಒತ್ತಿದರೂ ಬಣ್ಣ ಬದಲಾಗಲಿಲ್ಲ, ಮುಟ್ಟಿದರೆ ಬಿಸಿ. ಆಮೇಲೆ ಒಡೆದು ಕೀವಾಯಿತು, ಜ್ವರ ಬಂತು. ಹೊರಗೆ ಚಿಕ್ಕ ಬಾಯಿ, ಒಳಗೆಲ್ಲ ಟೊಳ್ಳು. ಡಾಕ್ಟರು ಹತ್ತಿ ಸುತ್ತಿದ ಕಡ್ಡಿ ಇಳಿಸಿದರೆ ಅದು ಹೋಗ್ತಾನೇ ಇತ್ತು. ಅಮ್ಮ ಮುಖ ತಿರುಗಿಸಿಕೊಂಡರು. ಬೆಡ್‌ಸೋರ್ ಬರೋಕೆ ಹಾಸಿಗೆ ಹಿಡಿದಿರಲೇಬೇಕು ಅಂತೇನಿಲ್ಲ.

ಕುಷನ್ ಬೇಡ ಅಂದರೆ ಆ ಕುರ್ಚಿ ಹತ್ತಲೇಬೇಡಿ. 15-20 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಿ, ಆಗದಿದ್ದರೆ ಒಂದು ಪಕ್ಕಕ್ಕೆ ವಾಲಿ. ಕೋಚ್ ಬೈದರೆ ಬೈಯಲಿ. ಕತ್ತಿನ ಹತ್ತಿರ ಏಟಾದವರಿಗೆ ಅಪಾಯ ಇನ್ನೂ ಜಾಸ್ತಿ. ಮೈ ಸರಿಯಾಗಿ ಬೆವರದೆ ಬಿಸಿಲಲ್ಲಿ ಕಾದುಬಿಡುತ್ತೆ, ಇಂಥ ಗಾಯದಿಂದಲೇ ಬಿಪಿ ಏಕಾಏಕಿ ಏರಬಹುದು. ಆಟ ಮುಗಿದ ದಿನವೇ ಹಿಂಭಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಗೆ ತೋರಿಸಿ.

ಫೋನ್ ಮಾಡಿದರೆ ಶಿಬಿರದವರು "ಗಾಯ ಮೊದಲೇ ಇತ್ತೇನೋ" ಅಂದರು. ಅದಕ್ಕೇ ಹೊರಡುವ ಮುಂಚೆ ನಾಚಿಕೆ ಬಿಟ್ಟು ಒಂದು ಫೋಟೋ ತೆಗೆಸಿಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ.