ಚಿಕಿತ್ಸೆ ಮುಗಿದವರಿಗೆ ವಿಡಿಯೊ ಆಪ್ತಸಮಾಲೋಚನೆ: ಒಂದು ವಿಮರ್ಶೆ

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದ ದಿನವೇ ಕೇಂದ್ರದ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯಕೀಯ ಸಲಹೆ ನೀಡುವ ವ್ಯವಸ್ಥೆ) ಮಾರ್ಗಸೂಚಿಯೂ ಹೊರಬಂತು. ಆ ಬಳಿಕ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದು ಆರಂಭಿಸಿದ ವಿಡಿಯೊ ಆಪ್ತಸಮಾಲೋಚನೆಯನ್ನು, ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಕಾಯಿಲೆ ಮರುಕಳಿಸದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಸೇವಿಸುತ್ತಿದ್ದ ನಾನು ಬಳಸಿದೆ. ವಾರ್ಷಿಕ ಮ್ಯಾಮೊಗ್ರಾಂ (ಸ್ತನದ ಎಕ್ಸ್‌-ರೇ) ಮುಂದಕ್ಕೆ ಹೋಗಿತ್ತು. ಕೆಮ್ಮು ಬಂದರೆ ಅದು ಕೋವಿಡ್ಡೋ, ಶ್ವಾಸಕೋಶಕ್ಕೆ ಹರಡಿದ ಕಾಯಿಲೆಯೋ ಎಂಬ ಎರಡು ಭಯಗಳೂ ಒಟ್ಟಿಗೇ ಕಾಡುತ್ತಿದ್ದವು.

ಸಮಾಲೋಚಕಿ ‘ಹೆದರಬೇಡಿ’ ಎನ್ನಲಿಲ್ಲ. ಈ ಸೇವೆಯ ದೊಡ್ಡ ಗುಣ ಅದೇ. ಗಂಟಿದೆಯೇ ಎಂದು ದಿನಕ್ಕೆ ಎಷ್ಟು ಸಲ ಕಂಕುಳನ್ನು ಒತ್ತಿ ನೋಡಿಕೊಳ್ಳುತ್ತೀರಿ ಎಂದು ಕೇಳಿ, ಹಾಗೆ ಒತ್ತುತ್ತಲೇ ಇದ್ದರೆ ಆ ಜಾಗ ನೋಯುವುದು ಸಹಜ, ಆ ನೋವೇ ಹೊಸ ಸಂಶಯ ಹುಟ್ಟಿಸುತ್ತದೆ ಎಂದು ವಿವರಿಸಿ, ತಪಾಸಣೆಯನ್ನು ತಿಂಗಳಿಗೊಮ್ಮೆಗೆ ಇಳಿಸಿದರು. ಚಿಂತೆಗೆಂದೇ ಸಂಜೆ ಅರ್ಧ ಗಂಟೆ ಮೀಸಲಿಡಿ ಎಂಬ ಸಲಹೆ ಮೊದಲು ತಮಾಷೆಯೆನಿಸಿತಾದರೂ ನಿದ್ದೆ ಸುಧಾರಿಸಿದ್ದು ಅದರಿಂದಲೇ. ಹೊಸ ಗಂಟು, ವಾರಗಟ್ಟಲೆ ಬಿಡದ ಮೂಳೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದೇ ಕಂಡರೂ ಕೋವಿಡ್ ಭಯದಿಂದ ಮನೆಯಲ್ಲೇ ಕೂರದೆ ವೈದ್ಯರನ್ನು ಕಾಣಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟರು.

ಕೊರತೆಗಳೂ ಇವೆ. ನಡುವೆ ಸಮಾಲೋಚಕರು ಬದಲಾದಾಗ ನನ್ನ ಕಡತ ಹೊಸಬರಿಗೆ ತಲುಪಿರಲಿಲ್ಲ. ಕೀಮೊದಿಂದ ಆರಂಭಿಸಿ ಎಲ್ಲವನ್ನೂ ಮತ್ತೆ ಹೇಳಬೇಕಾಯಿತು. ಮ್ಯಾಮೊಗ್ರಾಂ ಯಾವಾಗ ಎಂಬ ಪ್ರಶ್ನೆಗೆ, ಕ್ಯಾನ್ಸರ್ ವಿಭಾಗದೊಂದಿಗೆ ಸಂಪರ್ಕವೇ ಇಲ್ಲದ ಅವರಲ್ಲಿ ಉತ್ತರವಿರಲಿಲ್ಲ. ಮನೆಮಂದಿಯೆಲ್ಲ ಒಳಗೇ ಇದ್ದ ಆ ದಿನಗಳಲ್ಲಿ ಮನಬಿಚ್ಚಿ ಮಾತಾಡಲು ಟೆರೇಸಿಗೇ ಹೋಗಬೇಕಿತ್ತು, ಅದು ಆಸ್ಪತ್ರೆಯ ತಪ್ಪಲ್ಲ ಬಿಡಿ. ಇಂಥ ಸೇವೆಗೆ ಹೆಸರು ನೋಂದಾಯಿಸುವವರು ಕೊನೆಯವರೆಗೂ ಒಬ್ಬರೇ ಸಮಾಲೋಚಕರು ಸಿಗುವರೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು.