ಸೀಳಿದ್ದಕ್ಕೆ ಪೂರ್ತಿ ಅಂಕ, ಒಣಗಿಸಿದ್ದಕ್ಕೆ ಸೊನ್ನೆ

ಹೋದ ಮಳೆಗಾಲದಲ್ಲಿ ನಮ್ಮ ಮನೆ ಹಿಂದಿನ ಹಲಸಿನ ಮರ ಗಾಳಿಗೆ ಬಿತ್ತು. ಅಜ್ಜ ನೆಟ್ಟಿದ್ದು. ಸೌದೆಗೆ ಹಾಕಲು ಮನಸ್ಸಾಗಲಿಲ್ಲ. ದಿಮ್ಮಿಗಳನ್ನು ಪೇಟೆಯ ಒಂದು ಸಾಮಿಲ್ಲಿಗೆ ಸಾಗಿಸಿದೆ.

ಸೀಳುವ ಕೆಲಸ ಅಚ್ಚುಕಟ್ಟು. ನಾನು ಕೇಳಿದ್ದು ಒಂದು ಇಂಚು ದಪ್ಪದ ಹಲಗೆ. ಒಣಗಿದರೆ ಕುಗ್ಗುತ್ತೆ, ಕೀಸುವಾಗಲೂ ಹೋಗುತ್ತೆ ಅಂತ ಮೇಸ್ತ್ರಿ ತಾನೇ ಒಂದೂಕಾಲು ಇಂಚಿಗೆ ಸೀಳಿದ. ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಅರಿಶಿನದ ಹಾಗೆ ಹಳದಿ! ತೊಗಟೆ ಮುಟ್ಟಿದ ಕೈಯ ಮೇಣ ಹೋಗಲು ಮಾತ್ರ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಬೇಕಾಯಿತು.

ತೊಂದರೆ ಆಮೇಲೆ. "ಒಂದು ತಿಂಗಳು ನಮ್ಮ ಶೆಡ್ಡಲ್ಲೇ ಒಣಗಲಿ" ಅಂದರು, ಅದಕ್ಕೆ ಬೇರೆ ದುಡ್ಡೂ ತಗೊಂಡರು. ಹೋಗಿ ನೋಡಿದರೆ ಹಲಗೆಗಳನ್ನು ಒಂದರ ಮೇಲೊಂದು ಸುಮ್ನೆ ಪೇರಿಸಿದ್ದರು. ನಡುವೆ ಸಂದು ಬಿಡಲು ಒಂದು ಮರದ ಪಟ್ಟಿಯೂ ಇಲ್ಲ. ಗಾಳಿ ಆಡದೆ ಒಳಗೆಲ್ಲ ಬೂಷ್ಟು. ತುದಿಗಳಿಗೆ ಬಣ್ಣವನ್ನೂ ಬಳಿದಿರಲಿಲ್ಲ. ಮರದ ನೀರು ತುದಿಯಿಂದಲೇ ಬೇಗ ಆರುತ್ತದೆ ಅಲ್ವಾ, ನಾಲ್ಕು ಹಲಗೆಗಳು ಅರ್ಧ ಅಡಿ ಬಿರುಕು ಬಿಟ್ಟಿದ್ದವು. ಇನ್ನೊಂದು ಮರ ಬಿದ್ದರೆ ಸೀಳಿಸಲು ಅಲ್ಲಿಗೇ ಹೋಗುತ್ತೇನೆ. ಆದರೆ ಅದೇ ಸಂಜೆ ಹೇರಿಕೊಂಡು ಬರುತ್ತೇನೆ.

ಈಗ ಉಳಿದವು ನಮ್ಮ ಜಗಲಿಯ ನೆರಳಲ್ಲಿವೆ. ಎರಡಡಿಗೊಂದು ಪಟ್ಟಿ, ಮೇಲೆ ಜಂಬಿಟ್ಟಿಗೆ ಕಲ್ಲು. ಪಟ್ಟಿಗಳು ಮೇಲಿಂದ ಕೆಳಗೆ ನೇರ ಸಾಲಲ್ಲಿ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಒಣಗಲು ಇಂಚು ದಪ್ಪಕ್ಕೊಂದು ವರ್ಷ ಅನ್ನುವುದು ಹಳೆ ಲೆಕ್ಕ. ಮೊನ್ನೆ ತೇವದ ಮೀಟರ್ ಶೇ. 19 ತೋರಿಸಿತು. 12ರ ಹತ್ತಿರ ಬರುವವರೆಗೆ ನಾನು ಕೀಸುಳಿ ಮುಟ್ಟುವುದಿಲ್ಲ.