ಗ್ರಿನ್ನೆಲ್ ಕಾಲೇಜು: ಹಿಂದಿನ ಬೆಂಚೇ ಇಲ್ಲದ ನಾಲ್ಕು ವರ್ಷ

ಪಿಯುಸಿ ಮುಗಿಸಿದ ಮಕ್ಕಳು ಪದವಿಗೆ ಅಮೆರಿಕಕ್ಕೆ ಹೋಗುತ್ತೇವೆ ಎಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳೆಲ್ಲ ದೊಡ್ಡ ವಿಶ್ವವಿದ್ಯಾಲಯಗಳವು. ಆ ಪಟ್ಟಿಯಲ್ಲಿ ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜಿಗೂ ಒಂದು ಜಾಗ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಈ ಕಾಲೇಜು ಎಲ್ಲರಿಗೂ ಹೊಂದುವಂಥದ್ದಲ್ಲ. 1846ರಲ್ಲಿ ಸ್ಥಾಪನೆಯಾದ ಇಲ್ಲಿ ಈಗ ಓದುತ್ತಿರುವವರು ಸುಮಾರು 1,700 ವಿದ್ಯಾರ್ಥಿಗಳು ಮಾತ್ರ. ನಮ್ಮ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದೇ ವರ್ಷಕ್ಕೆ ಇಷ್ಟು ಜನ ಸೇರುತ್ತಾರೆ. ಈ ಚಿಕ್ಕ ಗಾತ್ರವೇ ಅಲ್ಲಿನ ವಿದ್ಯಾರ್ಥಿ ಜೀವನದ ಎಲ್ಲ ಸುಖಕ್ಕೂ ಎಲ್ಲ ಕಷ್ಟಕ್ಕೂ ಮೂಲ.

ಮೊದಲು ಓದಿನ ಮಾತು. ನಮ್ಮಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಬೇಸಿಗೆಯಲ್ಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ತೀರ್ಮಾನವಾಗಿಬಿಡುತ್ತದೆ, ಆಮೇಲೆ ದಾರಿ ಬದಲಿಸುವುದು ಬಹಳ ಕಷ್ಟ. ಗ್ರಿನ್ನೆಲ್‌ನಲ್ಲಿ ಎಲ್ಲರೂ ಕಡ್ಡಾಯವಾಗಿ ಓದಬೇಕಾದದ್ದು ಒಂದೇ ಒಂದು ಕೋರ್ಸ್, ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಹತ್ತು ಹನ್ನೆರಡು ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರ ಜೊತೆ ಮೇಜಿನ ಸುತ್ತ ಕುಳಿತು, ಆ ಅಧ್ಯಾಪಕರು ತಾವೇ ಇಷ್ಟಪಟ್ಟು ಆರಿಸಿದ ಒಂದು ವಿಷಯವನ್ನು ಹಿಡಿದು ಓದುತ್ತಾರೆ, ವಾದಿಸುತ್ತಾರೆ, ಪ್ರಬಂಧ ಬರೆಯುತ್ತಾರೆ, ಬರೆದದ್ದನ್ನು ತಿದ್ದಿ ಮತ್ತೆ ಬರೆಯುತ್ತಾರೆ. ಉಳಿದ ಕೋರ್ಸುಗಳ ಆಯ್ಕೆ ವಿದ್ಯಾರ್ಥಿಯದೇ. ಪದವಿಗೆ ಬೇಕಾದ 124 ಕ್ರೆಡಿಟ್‌ಗಳನ್ನು ಸೆಮಿಸ್ಟರಿಗೆ ಸಾಮಾನ್ಯವಾಗಿ ನಾಲ್ಕು ಕೋರ್ಸುಗಳಂತೆ ಕೂಡಿಸಿಕೊಳ್ಳಬೇಕು, ಮುಖ್ಯ ವಿಷಯ ಯಾವುದೆಂದು ಎರಡನೆಯ ವರ್ಷದ ಕೊನೆಯೊಳಗೆ ಘೋಷಿಸಿದರೆ ಸಾಕು. ಅಲ್ಲಿಯವರೆಗೆ ಕಂಪ್ಯೂಟರ್ ಸೈನ್ಸ್ ಜೊತೆ ಚೀನೀ ಭಾಷೆ, ಅರ್ಥಶಾಸ್ತ್ರದ ಜೊತೆ ಚಿತ್ರಕಲೆ ಓದುವ ಹುಡುಗಿಯನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ.

ಇದನ್ನು ಕೇಳಿದ ತಂದೆತಾಯಿಯರಿಗೆ ಹದಿನೆಂಟರ ಮಕ್ಕಳ ಕೈಗೆ ಇಷ್ಟು ಸ್ವಾತಂತ್ರ್ಯ ಕೊಡಬಹುದೇ ಎಂಬ ಆತಂಕ ಸಹಜ. ಅದಕ್ಕೆ ಕಾಲೇಜು ಮಾಡಿರುವ ಏರ್ಪಾಡು ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ. ಟ್ಯುಟೋರಿಯಲ್ ನಡೆಸುವ ಅಧ್ಯಾಪಕರೇ, ಮುಖ್ಯ ವಿಷಯ ಘೋಷಿಸುವವರೆಗೆ, ಆ ವಿದ್ಯಾರ್ಥಿಯ ಸಲಹೆಗಾರರೂ ಆಗಿರುತ್ತಾರೆ. ವಿದ್ಯಾರ್ಥಿಯ ಬರವಣಿಗೆಯನ್ನು ವಾರವಾರವೂ ಓದಿದವರು, ಅವನು ಎಲ್ಲಿ ಎಡವುತ್ತಾನೆ, ಯಾವ ಮಾತು ಬಂದಾಗ ಅವನ ಮುಖ ಅರಳುತ್ತದೆ ಎಂಬುದನ್ನು ಬಲ್ಲವರು ಎದುರಿಗೆ ಕುಳಿತು ‘ಈ ಕೋರ್ಸ್ ಏಕೆ ಬೇಕು’ ಎಂದು ಕೇಳುತ್ತಾರೆ. ಆಯ್ಕೆ ಅವನದಾದರೂ ಕಾರಣ ಹೇಳದೆ ಪಾರಾಗುವಂತಿಲ್ಲ.

ಅಧ್ಯಾಪಕರ ಈ ಒಡನಾಟಕ್ಕೆ ಕಾಲೇಜಿನ ಚರಿತ್ರೆಯಲ್ಲೇ ಒಂದು ಸೊಗಸಾದ ಉದಾಹರಣೆಯಿದೆ. ಇಂಟೆಲ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಇಲ್ಲಿಂದಲೇ ಪದವಿ ಪಡೆದವರು. ವಿದ್ಯಾರ್ಥಿಯಾಗಿದ್ದಾಗ ಹಾಸ್ಟೆಲಿನ ಒಂದು ಔತಣಕ್ಕೆಂದು ಹತ್ತಿರದ ತೋಟವೊಂದರಿಂದ ಹಂದಿ ಕದ್ದು ಸಿಕ್ಕಿಬಿದ್ದಾಗ, ಅವರನ್ನು ಕಾಲೇಜಿನಿಂದಲೇ ಹೊರಹಾಕುವ ಮಾತು ಬಂದಿತ್ತು. ನಾಯ್ಸ್ ಪರವಾಗಿ ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ನಿಂತರು, ಶಿಕ್ಷೆ ಒಂದು ಸೆಮಿಸ್ಟರಿನ ಅಮಾನತಿಗೆ ಇಳಿಯಿತು. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿ ಟ್ರಾನ್ಸಿಸ್ಟರ್ ಆಗತಾನೇ ಹುಟ್ಟಿದ್ದ ಆ ದಿನಗಳಲ್ಲಿ ಅದರ ಬಗ್ಗೆ ಪಾಠ ಮಾಡಿ, ನಾಯ್ಸ್‌ಗೆ ಆ ಲೋಕದ ಬಾಗಿಲು ತೆರೆದವರೂ ಅದೇ ಗೇಲ್. ಇಂದಿನ ವಿಜ್ಞಾನ ವಿಭಾಗಗಳ ಕಟ್ಟಡಕ್ಕೆ ನಾಯ್ಸ್ ಅವರ ಹೆಸರಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಾದ್ದರಿಂದ ಪ್ರಯೋಗಾಲಯದ ಉಪಕರಣಗಳೂ ಸಂಶೋಧನೆಯಲ್ಲಿ ಅಧ್ಯಾಪಕರ ಜೊತೆ ದುಡಿಯುವ ಅವಕಾಶವೂ ಪದವಿ ವಿದ್ಯಾರ್ಥಿಗಳಿಗೇ ದೊರೆಯುತ್ತವೆ.

ಈ ಚಿಕ್ಕ ಗಾತ್ರಕ್ಕೆ ತೆರಬೇಕಾದ ಬೆಲೆಯೂ ಇದೆ. ಹನ್ನೆರಡು ಜನರ ತರಗತಿಯಲ್ಲಿ ಹಿಂದಿನ ಬೆಂಚು ಎಂಬುದಿರುವುದಿಲ್ಲ. ಓದದೆ ಬಂದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಮೌನವಾಗಿ ಕುಳಿತರೂ ಅದು ಎದ್ದು ಕಾಣುತ್ತದೆ. ಕೊನೆಯ ಹದಿನೈದು ದಿನ ಗೈಡ್ ಹಿಡಿದು ಪರೀಕ್ಷೆ ದಾಟುವ ಅಭ್ಯಾಸ ಇಲ್ಲಿ ನಡೆಯದು. ಓದಿನ ಹೊರೆ ಭಾರಿಯೇ, ಬರ್ಲಿಂಗ್ ಗ್ರಂಥಾಲಯದಲ್ಲಿ ರಾತ್ರಿಗಳು ಕಳೆದುಹೋಗುತ್ತವೆ.

ವಾಸದ ವಿಷಯಕ್ಕೆ ಬಂದರೆ, ಹೆಚ್ಚಿನವರು ನಾಲ್ಕೂ ವರ್ಷ ಕ್ಯಾಂಪಸ್ಸಿನ ಹಾಸ್ಟೆಲುಗಳಲ್ಲೇ ಇರುತ್ತಾರೆ. ಅಮೆರಿಕದ ಅನೇಕ ಕಾಲೇಜುಗಳ ಸಾಮಾಜಿಕ ಜೀವನವನ್ನು ಆಳುವ ಫ್ರಟರ್ನಿಟಿ, ಸೊರೋರಿಟಿಗಳು (ಹುಡುಗರಿಗೆ, ಹುಡುಗಿಯರಿಗೆ ಬೇರೆಬೇರೆಯಾದ ಸದಸ್ಯಕೂಟಗಳು) ಇಲ್ಲಿಲ್ಲ. ಅವುಗಳ ಜಾಗದಲ್ಲಿ ‘ಸೆಲ್ಫ್ ಗವರ್ನೆನ್ಸ್’ ಎಂಬ ಹಳೆಯ ಸಂಪ್ರದಾಯವಿದೆ: ರಾತ್ರಿ ಗದ್ದಲವಾದರೆ ವಾರ್ಡನ್ನಿಗೆ ದೂರು ಒಯ್ಯುವ ಮೊದಲು ಪಕ್ಕದ ಕೋಣೆಯ ಬಾಗಿಲು ತಟ್ಟಿ ನೀವೇ ಮಾತಾಡಿ ಬಗೆಹರಿಸಿಕೊಳ್ಳಿ ಎಂಬ ನಿರೀಕ್ಷೆ. ಮನೆಯಲ್ಲಿ ಅಪ್ಪ ಅಮ್ಮನೇ ಎಲ್ಲವನ್ನೂ ಸರಿಪಡಿಸಿದ ಮಕ್ಕಳಿಗೆ ಇದು ಕಷ್ಟ, ಆದರೆ ಕಲಿಯಲೇಬೇಕಾದ ಕೆಲಸ. ಊಟದ ಹಾಲ್ ಇಡೀ ಕಾಲೇಜಿಗೆ ಒಂದೇ ಆದ್ದರಿಂದ ಹಿರಿಯರು ಕಿರಿಯರೆನ್ನದೆ ಎಲ್ಲರ ಮುಖವೂ ಪರಿಚಯವಾಗುತ್ತದೆ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೂ ಸಾರಿನ ಪುಡಿ ಒಯ್ಯುವುದು ಒಳ್ಳೆಯದು, ಹಾಸ್ಟೆಲುಗಳಲ್ಲಿ ಎಲ್ಲರೂ ಬಳಸುವ ಅಡುಗೆಮನೆಗಳಿವೆ. ಆ ಊಟದ ಹಾಲಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳೇ 2016ರಲ್ಲಿ ತಮ್ಮದೇ ಕಾರ್ಮಿಕ ಸಂಘ ಕಟ್ಟಿ, ಮುಂದೆ ಅದನ್ನು ಕ್ಯಾಂಪಸ್ಸಿನ ಉಳಿದ ಕೆಲಸಗಾರ ವಿದ್ಯಾರ್ಥಿಗಳಿಗೂ ವಿಸ್ತರಿಸಿದರು. ಪುಸ್ತಕದಲ್ಲಿ ಓದಿದ್ದನ್ನು ಬದುಕಿಗೆ ತರುವ ಈ ಹಟ ನನಗೆ ಬಹಳ ಹಿಡಿಸುತ್ತದೆ.

ಊರು ಚಿಕ್ಕದು, ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು. ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳು. ರಾಜಧಾನಿ ಡೆ ಮೊಯಿನ್ ಸುಮಾರು 90 ಕಿಲೋಮೀಟರ್ ದೂರ, ಚಿಕಾಗೋ ಸುಮಾರು 450. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ದಿನಗಳಿರುತ್ತವೆ. ಬೆಂಗಳೂರಿನ ಗಜಿಬಿಜಿಯಿಲ್ಲದೆ ಬದುಕಲಾರದವರಿಗೆ ಎರಡನೆಯ ಚಳಿಗಾಲ ಮೊದಲನೆಯದಕ್ಕಿಂತ ಉದ್ದವಾಗಿ ಕಾಣಬಹುದು.

ಖರ್ಚನ್ನು ಮುಚ್ಚಿಡುವಂತಿಲ್ಲ. ವಸತಿ, ಊಟ ಸೇರಿ ವರ್ಷದ ಘೋಷಿತ ವೆಚ್ಚ 80 ಸಾವಿರ ಡಾಲರ್ ದಾಟಿದೆ. ಆದರೆ ಗ್ರಿನ್ನೆಲ್ ಶ್ರೀಮಂತ ಕಾಲೇಜು. ಅದರ ದತ್ತಿನಿಧಿ ಎರಡು ಬಿಲಿಯನ್ ಡಾಲರಿಗೂ ಹೆಚ್ಚು, ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಒಂದು ಕಾಲದಲ್ಲಿ ಅದರ ಆಡಳಿತ ಮಂಡಳಿಯಲ್ಲಿದ್ದರು. ವಿದೇಶಿ ವಿದ್ಯಾರ್ಥಿಗಳಿಗೂ ಆರ್ಥಿಕ ನೆರವು ದೊರೆಯುತ್ತದೆ. ಆದರೆ ಅಮೆರಿಕದ ವಿದ್ಯಾರ್ಥಿಗಳ ವಿಷಯದಲ್ಲಿ ಮಾಡದ ಒಂದು ಲೆಕ್ಕವನ್ನು ನಮ್ಮ ವಿಷಯದಲ್ಲಿ ಮಾಡುತ್ತಾರೆ: ನೆರವು ಎಷ್ಟು ಬೇಕು ಎಂಬುದನ್ನೂ ಪ್ರವೇಶ ನಿರ್ಧರಿಸುವಾಗಲೇ ಪರಿಗಣಿಸುತ್ತಾರೆ. ಆದ್ದರಿಂದ ಅರ್ಜಿ ತುಂಬುವ ಮೊದಲೇ ಮನೆಯವರೆಲ್ಲ ಕುಳಿತು ನಿಜವಾದ ಅಂಕಿಗಳನ್ನು ಬರೆದುಕೊಳ್ಳಬೇಕು.

ಎಂಜಿನಿಯರಿಂಗ್ ಪದವಿಯೇ ಬೇಕೆಂದು ನಿಶ್ಚಯಿಸಿರುವವರಿಗೆ ನಾನು ಈ ಕಾಲೇಜನ್ನು ಶಿಫಾರಸು ಮಾಡುವುದಿಲ್ಲ. ಎರಡು ಮೂರು ವಿಷಯಗಳ ನಡುವೆ ಮನಸ್ಸು ತೂಗುತ್ತಿರುವ, ಮಾತಾಡಲು ಮತ್ತು ಬರೆಯಲು ಹಿಂಜರಿಯದ, ಏಕಾಂತವನ್ನು ತಾಳಬಲ್ಲ ಮಕ್ಕಳಿಗೆ ಮನಸಾರೆ ಶಿಫಾರಸು ಮಾಡುತ್ತೇನೆ. ಅಂಥವರು ಅರ್ಜಿ ಹಾಕುವ ಮುನ್ನ ಕಾಲೇಜಿನ ಬಣ್ಣದ ಕಿರುಹೊತ್ತಗೆಯ ಜೊತೆಗೆ, ‘ಸ್ಕಾರ್ಲೆಟ್ ಆಂಡ್ ಬ್ಲ್ಯಾಕ್’ ಎಂಬ ವಿದ್ಯಾರ್ಥಿ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನಾದರೂ ಓದಬೇಕು. ಅಲ್ಲಿನ ವಿದ್ಯಾರ್ಥಿಗಳು ಯಾವುದಕ್ಕೆ ಜಗಳವಾಡುತ್ತಾರೆ, ಯಾವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.